ತೂಕ ಹಿಡಿಯದ ಮರಿ

ಬೀದಿಯ ಗಂಡುಬೆಕ್ಕು ಗಡವ ನುಗ್ಗಿದಾಗ ಬಾಕ್ಸಿಂಗ್ ಶಾಲೆಯಲ್ಲಿ ಬೆಳಗಿನ ಅಭ್ಯಾಸ ನಡೆಯುತ್ತಿತ್ತು. ಕಣದ ಹಲಗೆಗಳ ಅಡಿಯಿಂದ ಕರುಳು ಹಿಂಡುವಂಥ ಕಿರುಚಾಟ ಕೇಳಿ ಮಿಂಚುಳ್ಳಿ ಗ್ಲೌಸ್ ತೊಟ್ಟೇ ಕೆಳಗೆ ಹಾರಿದಳು. ನೆಲಕ್ಕೆ ಕೆನ್ನೆ ಹಚ್ಚಿ ನೋಡಿದರೆ, ಮೂರು ವಾರದ ಹಿಂದೆ ಅಲ್ಲಿ ನಾಲ್ಕು ಮರಿ ಹಾಕಿದ್ದ ಬೂದು ಬೆಕ್ಕು ಗಡವನ ಕುತ್ತಿಗೆಗೆ ಹಲ್ಲೂರಿ ಜೋತುಬಿದ್ದಿತ್ತು. ಗಡವ ಹಿಂಗಾಲಿನ ಉಗುರುಗಳಿಂದ ಅದರ ಹೊಟ್ಟೆ ಬಗೆಯುತ್ತಿತ್ತು. ಎರಡು ಮರಿಗಳು ಆಗಲೇ ಕತ್ತು ಮುರಿದು ಬಿದ್ದಿದ್ದವು. ಮೂರನೆಯದರ ಉಸಿರು ಅವಳು ನೋಡುತ್ತಿದ್ದಂತೆಯೇ ನಿಂತಿತು. ಕೈಗೆ ಸಿಕ್ಕಿದ ಬಕೆಟ್ಟನ್ನು ಬೀಸಿ ಎಸೆದ ಮೇಲೆ ಗಡವ ಓಟ ಕಿತ್ತಿತು. ತಾಯಿ ಬೆಕ್ಕು ಮಧ್ಯಾಹ್ನದವರೆಗೆ ಏದುಸಿರು ಬಿಟ್ಟು ಸತ್ತಿತು.

ಉಳಿದದ್ದು ಒಂದೇ. ಮೂಲೆಯಲ್ಲಿ ಚಿಂದಿಯ ರಾಶಿಯೊಳಗೆ ಹೂತುಹೋಗಿತ್ತು. ಮುಷ್ಟಿ ಮುಚ್ಚಿದರೆ ಕಾಣದಷ್ಟು ಪುಟ್ಟದು. ಮಿಂಚುಳ್ಳಿ ಅದನ್ನು ಚಿಟಿಕೆ ಎಂದು ಕರೆದಳು.

ಮಿಂಚುಳ್ಳಿ ಎಂಬುದೂ ಅಡ್ಡಹೆಸರೇ. ಕಾದು ಕಾದು ಒಂದೇ ಏಟಿಗೆ ಎರಗುತ್ತಾಳೆಂದು ಜೊತೆಯವರು ಇಟ್ಟದ್ದು. ಇಪ್ಪತ್ತೆರಡು ವರ್ಷ, ನಲವತ್ತೆಂಟು ಕಿಲೋ. ಶಾಲೆ ನಡೆಸುತ್ತಿದ್ದವನು ಅವಳ ಅಣ್ಣ. ಏಟು ಬಿದ್ದು ಎಡಗಣ್ಣು ಮಂಜಾದ ಮೇಲೆ ಅವನು ಆಟ ಬಿಟ್ಟಿದ್ದ. ತಾನು ಗೆಲ್ಲದೆ ಉಳಿದದ್ದನ್ನೆಲ್ಲ ತಂಗಿ ಗೆದ್ದು ತರಬೇಕೆಂದು ಪಟ್ಟು ಹಿಡಿದಿದ್ದ. ಪಟ್ಟಿನ ಜೊತೆಗೆ ಕೈಯೂ ಬರುತ್ತಿತ್ತು. ಅಭ್ಯಾಸಕ್ಕೆ ತಡವಾದರೆ ಒಂದು ಏಟು, ಎದುರು ಮಾತಾಡಿದರೆ ಎರಡು.

ಸಂಜೆ ಅವಳು ಮರಿಯನ್ನು ಪ್ರಾಣಿವೈದ್ಯೆಯ ಬಳಿಗೆ ಒಯ್ದಳು. ವೈದ್ಯೆ ಐವತ್ತು ದಾಟಿದ ಹೆಂಗಸು, ಮಾತಿಗೆ ಸಕ್ಕರೆ ಹಾಕುವವರಲ್ಲ.

“ಇನ್ನೂರ ಹತ್ತು ಗ್ರಾಂ. ಈ ಹೊತ್ತಿಗೆ ಮುನ್ನೂರು ದಾಟಿರಬೇಕಿತ್ತು,” ಎಂದರು.

“ಹಾಗಾದ್ರೆ ಬದುಕಲ್ವಾ ಡಾಕ್ಟ್ರೇ?”

“ಸಣ್ಣದಿದೆ ಅಂತ ಗಾಬರಿ ಬೀಳ್ಬೇಡ. ಕೆಲವು ಹುಟ್ಟೋದೇ ಸಣ್ಣದಾಗಿ. ಆದ್ರೆ ದಿನಾ ಹತ್ತು ಹದಿನೈದು ಗ್ರಾಂ ಏರ್ತಾ ಇರ್ಬೇಕು. ಒಂದು ದಿನ ನಿಂತ್ರೆ ಕಣ್ಣಿಡು. ಎರಡನೇ ದಿನವೂ ನಿಂತ್ರೆ, ಇಲ್ಲಾ ಇಳಿದ್ರೆ, ಮೈ ತಣ್ಣಗಾದ್ರೆ, ಕಾಯ್ಬೇಡ, ಎತ್ಕೊಂಡು ಬಂದ್ಬಿಡು. ಮತ್ತೆ ನೋಡು, ಇದರ ಮೈತುಂಬಾ ಚಿಗಟ. ಮದ್ದು ಹಾಕೋಕೆ ಮರಿ ತೀರಾ ಎಳೇದು. ಈ ಬಾಚಣಿಗೆ ತಗೋ, ದಿನಾ ಎರಡು ಸಲ ಬಾಚು. ಆ ಚಿಂದಿನೆಲ್ಲಾ ಸುಟ್ಟುಹಾಕು.”

ಹಾಲಿನ ಪುಡಿ ಕಲಸಿ ಮೂರು ಗಂಟೆಗೊಮ್ಮೆ ಸಿರಿಂಜಿನಲ್ಲಿ ಕುಡಿಸುವುದನ್ನು ಮಿಂಚುಳ್ಳಿ ಒಂದು ಸಲವೂ ತಪ್ಪಿಸಲಿಲ್ಲ. ಬಾಚುವುದು ಮಾತ್ರ ಒಂದು ದಿನ ಆಯಿತು, ಮರುದಿನ ಮರೆಯಿತು. ಟೂರ್ನಿಗೆ ಹನ್ನೊಂದು ದಿನ ಉಳಿದಿತ್ತು, ಅಣ್ಣ ಉಸಿರಾಡಲು ಬಿಡುತ್ತಿರಲಿಲ್ಲ. ಚಿಂದಿ ಸುಡುವುದೂ ಹಾಗೆಯೇ ಉಳಿದು, ಅದರಲ್ಲೇ ಎರಡು ತುಂಡು ಮರಿಯ ಡಬ್ಬಕ್ಕೆ ಹಾಸಿಗೆಯಾಯಿತು. ಅಡುಗೆಮನೆಯ ತಕ್ಕಡಿ ಮೊದಲ ಬೆಳಗ್ಗೆ ಇನ್ನೂರ ಹದಿನಾಲ್ಕು ತೋರಿಸಿತು. ಮರುದಿನವೂ ಅಷ್ಟೇ. ಮೂರನೆಯ ಬೆಳಗ್ಗೆ ನೂರ ತೊಂಬತ್ತೆಂಟು. ಮರಿ ಬಾಯಿ ತೆರೆಯಿತು, ದನಿ ಹೊರಡಲಿಲ್ಲ.

ಅವಳು ಡಬ್ಬ ಎತ್ತಿಕೊಂಡು ಮನೆಗೆ ಅಂಟಿಕೊಂಡಿದ್ದ ಶಾಲೆಯ ಬಾಗಿಲಿಗೆ ಬರುವಷ್ಟರಲ್ಲಿ ಅಣ್ಣ ಅಡ್ಡ ನಿಂತ.

“ಎಲ್ಲಿಗೆ? ಕಣಕ್ಕೆ ಹತ್ತು.”

“ಅಣ್ಣ, ಇದು ಸಾಯ್ತಾ ಇದೆ. ಅರ್ಧ ಗಂಟೆ ಬಿಡು.”

“ಸತ್ರೆ ಸಾಯ್ಲಿ! ಟೂರ್ನಿ ತಲೆ ಮೇಲೆ ಕೂತಿದೆ, ಇವಳಿಗೆ ಬಾಣಂತನ!”

ಅವನು ಡಬ್ಬವನ್ನು ಕಿತ್ತು ಕೆಳಗಿಟ್ಟು ಕಾಲಿನಿಂದ ಒದ್ದ. ಅದು ಸಿಮೆಂಟ್ ನೆಲದ ಮೇಲೆ ಜಾರಿ ಕಣದ ಕಂಬಕ್ಕೆ ಬಡಿಯಿತು.

ಮಿಂಚುಳ್ಳಿ ಈ ಸಲ ಕಾಯಲಿಲ್ಲ. ಬರಿಗೈಯ ಎಡ ಮುಷ್ಟಿ ಅಣ್ಣನ ಬಾಯಿಗೆ ಬಿತ್ತು. ತುಟಿ ಸೀಳಿ ಹಲ್ಲು ಕೆಂಪಾದವು. ಅಣ್ಣನ ಬಲಗೈ ತಾನಾಗಿ ಮುನ್ನುಗ್ಗಿತು. ಇಪ್ಪತ್ತು ವರ್ಷದ ಅಭ್ಯಾಸ, ಎದುರಿಗೆ ಯಾರೆಂದು ಅದು ಕೇಳಲಿಲ್ಲ. ತಂಗಿಯ ಮೂಗು ಒಣಕಡ್ಡಿಯಂತೆ ಲಟಕ್ಕೆಂದಿತು. ಅಭ್ಯಾಸಕ್ಕೆ ಬಂದಿದ್ದ ಹತ್ತು ಜನ ಹುಡುಗಿಯರು ಕಣದ ಹಗ್ಗ ಹಿಡಿದು ಕಲ್ಲಾಗಿ ನಿಂತರು. ರಕ್ತ ಗದ್ದಕ್ಕಿಳಿದು ಅಂಗಿ ತೋಯ್ದರೂ ಅವಳು ಹಿಂದೆ ಸರಿಯಲಿಲ್ಲ. ಎರಡನೆಯ ಏಟಿಗೆ ತಲೆ ತಗ್ಗಿಸಿ, ಅಣ್ಣನಿಗೆ ಕಾಣದ ಎಡಬದಿಗೆ ಸರಿದು, ಪಕ್ಕೆಲುಬಿನ ಕೆಳಗೆ ಗುದ್ದಿದಳು. ಮತ್ತೆ ಗುದ್ದಿದಳು. ಅವನು ಮಂಡಿಯೂರಿ ವಾಂತಿ ಮಾಡಿಕೊಂಡ. ಕುತ್ತಿಗೆಗೆ ಇನ್ನೊಂದು ಏಟು ಎತ್ತಿದ್ದವಳು ಡಬ್ಬದ ಕಡೆ ನೋಡಿ ಕೈ ಇಳಿಸಿದಳು.

ಮರಿಯ ಮೈ ಕಲ್ಲಿನ ಹಾಗೆ ತಣ್ಣಗಿತ್ತು. ಅಂಗಿಯೊಳಗೆ, ಎದೆಗೆ ಒತ್ತಿಕೊಂಡಳು.

“ಗಾಡಿ ನಾನು ಓಡಿಸ್ತೀನಿ,” ಎಂದ ಅಣ್ಣ, ನೆಲದಿಂದಲೇ.

“ನನ್ನ ಮುಟ್ಬೇಡ.”

“ಮುಟ್ಟಲ್ಲ. ನಿನಗೆ ಕಣ್ಣೇ ತೆರೆಯೋಕಾಗ್ತಿಲ್ಲ. ಹಿಂದೆ ಕೂತ್ಕೋ.”

ವೈದ್ಯೆ ಇಬ್ಬರ ಮುಖವನ್ನೂ ನೋಡಿ, “ಇಲ್ಲಿ ಯಾರಿಗೆ ಚಿಕಿತ್ಸೆ?” ಎಂದರು. ಅಣ್ಣ ತಾನು ಡಬ್ಬ ಒದ್ದದ್ದನ್ನು ಹೇಳಿದ. ಅವರು ಮರಿಯ ತುಟಿ ಎತ್ತಿದರು. ಒಸಡು ಕಾಗದದಷ್ಟು ಬಿಳಿ. ರೋಮ ಬಿಡಿಸಿ, ಬುಡದಲ್ಲಿದ್ದ ಕಪ್ಪು ಕಾಳಿನಂಥ ಚಿಗಟದ ಹಿಕ್ಕೆಯನ್ನು ಒದ್ದೆ ಹತ್ತಿಗೆ ಒತ್ತಿದರು. ಹತ್ತಿ ಕೆಂಪಾಯಿತು.

“ಒದ್ದದ್ದರಿಂದ ಒಂದು ಉಗುರು ಹೋಗಿದೆ ಅಷ್ಟೇ. ಇದನ್ನ ಕೊಲ್ತಿರೋದು ಚಿಗಟ. ಇರೋ ರಕ್ತಾನೆಲ್ಲಾ ಹೀರಿಬಿಟ್ಟಿವೆ. ಬಾಚಿದ್ಯಾ?”

ಮಿಂಚುಳ್ಳಿ ತಲೆ ತಗ್ಗಿಸಿದಳು. “ಒಂದೇ ದಿನ.”

“ಈಗ ಹಾಲು ಕೊಟ್ರೂ ಅರಗಲ್ಲ, ಮೊದಲು ಕಾವು ಬೇಕು. ಆಮೇಲೆ ರಕ್ತ. ಒಂದು ಚಮಚೆ ಸಾಕು, ಆದ್ರೆ ಗಟ್ಟಿಮುಟ್ಟಾದ ದೊಡ್ಡ ಬೆಕ್ಕಿಂದು ಬೇಕು. ನನ್ನತ್ರ ಇರೋವೆಲ್ಲಾ ರೋಗದ ಬೆಕ್ಕುಗಳು.”

ಅಣ್ಣ ಬಾಗಿಲ ಬಳಿ ನಿಂತಿದ್ದ. “ಗಟ್ಟಿಮುಟ್ಟಾದ್ದು ಒಂದಿದೆ,” ಎಂದು ಹೊರಟುಹೋದ.

ಗಡವ ಹಗಲೆಲ್ಲ ಶಾಲೆಯ ಪಕ್ಕದ ವೆಲ್ಡಿಂಗ್ ಶೆಡ್ಡಿನ ತಗಡಿನ ಮೇಲೆ ಮಲಗುತ್ತಿತ್ತು. ಅಣ್ಣ ಗೋಣಿಚೀಲ ಹಿಡಿದು ಏಣಿ ಹತ್ತಿದ. ಮುಕ್ಕಾಲು ಗಂಟೆಯ ಮೇಲೆ ಆಸ್ಪತ್ರೆಗೆ ಬಂದಾಗ ಚೀಲ ತಾನಾಗಿ ಕುಣಿಯುತ್ತಿತ್ತು. ಅವನ ಮುಂಗೈ ಮೊಣಕೈಯವರೆಗೆ ಸೀಳಿತ್ತು, ಕಿವಿಯ ತುದಿ ಹರಿದು ರಕ್ತ ಸುರಿಯುತ್ತಿತ್ತು. “ನಿನಗಿಂತ ಜೋರಾಗಿ ಹೊಡೀತು,” ಎಂದ. ಮಿಂಚುಳ್ಳಿ ನಗಲಿಲ್ಲ.

ವೈದ್ಯೆ ಗಡವನಿಗೆ ಮತ್ತು ಬರಿಸಿ, ರಕ್ತ ಹೊಂದುತ್ತದೆಯೇ ಎಂದು ನೋಡಿ, ಅದರ ಕುತ್ತಿಗೆಯಿಂದ ರಕ್ತ ತೆಗೆದರು. ಮರಿಯ ನರಗಳು ಸೂಜಿಗೆ ಸಿಗುವಂತಿರಲಿಲ್ಲ. ತೊಡೆಯ ಮೂಳೆಗೇ ಚುಚ್ಚಬೇಕಾಯಿತು. ಅಷ್ಟು ಹೊತ್ತು ಸದ್ದಿಲ್ಲದೆ ಬಿದ್ದಿದ್ದ ಚಿಟಿಕೆ ಆಗ ಕಿರುಚಿತು. ಆ ಕಿರುಚಾಟಕ್ಕೆ ಮಿಂಚುಳ್ಳಿ ಅತ್ತುಬಿಟ್ಟಳು. ತಾಯಿಯನ್ನೂ ಮೂರು ಮರಿಗಳನ್ನೂ ಕೊಂದ ಪ್ರಾಣಿಯ ರಕ್ತ ಹನಿಹನಿಯಾಗಿ ಉಳಿದ ಮರಿಯೊಳಕ್ಕೆ ಇಳಿಯುತ್ತಿತ್ತು. ಸಂಜೆಗೆ ಒಸಡಿಗೆ ತೆಳು ಗುಲಾಬಿ ಬಣ್ಣ ಬಂತು. ಗಡವನಿಗೆ ಮತ್ತು ಇಳಿಯುವ ಮೊದಲೇ ವೈದ್ಯೆ ಬೀಜ ತೆಗೆದುಹಾಕಿದರು. “ಇನ್ನು ಇವನ ಪೌರುಷ ಊಟದ ತಟ್ಟೆ ಮುಂದೆ ಅಷ್ಟೇ,” ಎಂದರು.

ಮೂಗು ಮುರಿದವಳನ್ನು ಟೂರ್ನಿಗೆ ಸೇರಿಸುವಂತಿರಲಿಲ್ಲ. ಅಣ್ಣ ತಾನೇ ಹೋಗಿ ಅವಳ ಹೆಸರು ತೆಗೆಸಿ ಬಂದು, ಊಟಕ್ಕೆ ಕುಳಿತಾಗ ಅನ್ನ ಕೆದಕುತ್ತಾ ಹೇಳಿದ: “ಆವತ್ತು ಕೈ ನನ್ನ ಮಾತು ಕೇಳ್ಲಿಲ್ಲ ಕಣೇ.”

“ಆವತ್ತು ಮಾತ್ರ ಅಲ್ಲ ಅಣ್ಣ. ಹದಿನಾರು ವರ್ಷದಿಂದ ಕೇಳಿಲ್ಲ. ನಾನು ನದಿ ಆಚೆ ಬಾಕ್ಸಿಂಗ್ ಶಾಲೆಗೆ ಸೇರ್ತಿದೀನಿ.”

ಅಮ್ಮ ಬಡಿಸುತ್ತಿದ್ದವಳು ಸೌಟು ಹಿಡಿದು ನಿಂತಳು. ಅಣ್ಣನ ಮುಷ್ಟಿ ತಟ್ಟೆಯ ಪಕ್ಕದಲ್ಲಿ ಬಿಗಿಯಾಯಿತು. ಅವನು ಅದನ್ನೇ ನೋಡಿದ. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

“ಅಲ್ಲಿ ಹೇಳಿಕೊಡೋಳು ಒಳ್ಳೇಳು,” ಎಂದ. “ನಿನ್ನ ಬಲಗಾಲಿನ ಹೆಜ್ಜೆ ಸರಿಮಾಡ್ತಾಳೆ. ನನ್ನಿಂದ ಆಗ್ಲಿಲ್ಲ.”

ಮಿಂಚುಳ್ಳಿ ಸೋಮವಾರ ಬೆಳಗ್ಗೆ ಚೀಲ ಹೆಗಲಿಗೇರಿಸಿ, ತೂಕ ಏರತೊಡಗಿದ್ದ ಮರಿಯನ್ನು ಎತ್ತಿಕೊಂಡು ಬಸ್ಸು ಹತ್ತಿದಳು. ಚಿಟಿಕೆ ಪಕ್ಕದ ಸೀಟಿನ ಅಜ್ಜಿಯ ಸೆರಗು ಹಿಡಿದು ಜಗ್ಗಿತು. ಅಜ್ಜಿ ಬೈದಳು, ಆಮೇಲೆ ತಾನೇ ತೊಡೆಯ ಮೇಲೆ ಕೂರಿಸಿಕೊಂಡಳು.