ಆನೆದಳ, ಪುಟ ನೂರ ಹನ್ನೆರಡು
ನಮ್ಮ ಕಂಪನಿ ಅಚ್ಚು ಹಾಕುವುದು ಯುದ್ಧದ ಪುಸ್ತಕ. ಗಾಬರಿ ಬೇಡ, ಮೇಜಿನ ಮೇಲಿನ ಯುದ್ಧ. ಹೆಬ್ಬೆರಳೆತ್ತರದ ಸೈನಿಕರನ್ನು ಟೇಪು ಹಿಡಿದು ಅಳೆದು ಸರಿಸುವುದು, ದಾಳ ಉರುಳಿಸಿ ಕೊಲ್ಲುವುದು. ಯಾರು ಎಷ್ಟು ದೂರ ಸರಿಯಬಹುದು, ಯಾರು ಸಾಯಬೇಕು ಎಂಬುದೆಲ್ಲ ನಮ್ಮ ಪುಸ್ತಕದಲ್ಲಿರುತ್ತದೆ. ಆ ಗೊಂಬೆಗಳನ್ನು ಮಾಡಿ ಮಾರುವವರೂ ನಾವೇ. ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ, ಅವತ್ತಿಗೆ ಹಳೆಯದು ರದ್ದಿ. ಹದಿನಾಲ್ಕು ವರ್ಷದಿಂದ ಇದರ ಕರಡು ತಿದ್ದಿ ತಿದ್ದಿ ನನಗೆ ಸಾಕುಸಾಕಾಗಿದೆ.

ಈ ಸಲ ಪುಸ್ತಕ ತೆಳ್ಳಗಾಗಬೇಕು, ಬೆಲೆ ಮಾತ್ರ ಹಾಗೇ ಇರಬೇಕು ಎಂದರು ಮ್ಯಾನೇಜರ್.

"ಬೆಲೆ ಏರಿಸಿದ್ರೆ ಬಾಯಿಗೆ ಬಂದ ಹಾಗೆ ಬೈತಾರೆ. ಪುಟ ಇಳಿಸಿದ್ರೆ ಯಾರು ಎಣಿಸ್ತಾರೆ? ಮೊದ್ಲು ಆನೆದಳ ತೆಗೀರಿ. ಆನೆ ಗೊಂಬೆ ಎರಕದ ಅಚ್ಚು ಸವೆದುಹೋಗಿದೆ, ಹೊಸ್ದು ಮಾಡ್ಸಲ್ಲ. ನಾವು ಮಾರದ ಗೊಂಬೆಗೆ ನಿಯಮ ಯಾಕೆ?"

"ಈಗಾಗ್ಲೇ ತಗೊಂಡವರು?"

"ಅವರು ತಗೊಂಡಾಯ್ತಲ್ಲ."

ತಗೊಂಡವರಲ್ಲಿ ನನ್ನ ಭಾವ ಒಬ್ಬರು. ಅಕ್ಕನ ಗಂಡ, ಗಡಿಯಾರ ರಿಪೇರಿ ಮಾಡುವವರು. ಅವರ ಸೈನ್ಯವೆಂದರೆ ಇಪ್ಪತ್ತೆರಡು ಆನೆ, ಅಷ್ಟೇ. ಒಂದೊಂದರ ಕಿವಿಯ ನರಕ್ಕೂ ಬಣ್ಣ ಹಚ್ಚಿದ್ದಾರೆ. ಅಕ್ಕ ಅವನ್ನು 'ನನ್ನ ಸವತಿಯರು' ಎನ್ನುತ್ತಾಳೆ. ಈಗ ಭಾವನ ಕಣ್ಣು ಕೈಕೊಟ್ಟಿದೆ, ಇನ್ನೊಂದು ಸೈನ್ಯಕ್ಕೆ ಬಣ್ಣ ಹಚ್ಚುವ ಹಾಗಿಲ್ಲ. ಅವರ ಭಾನುವಾರದ ಆಟದ ಕ್ಲಬ್ಬಿನಲ್ಲೋ, ಹೊಸ ಪುಸ್ತಕದಲ್ಲಿಲ್ಲದ ಗೊಂಬೆಯನ್ನು ಮೇಜಿಗೇ ಹತ್ತಿಸುವುದಿಲ್ಲ.

ಇದನ್ನು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಆನೆಯ ಪುಟಗಳನ್ನು ತೆಗೆದು, ಆ ಜಾಗದಲ್ಲಿ ಒಂದೇ ಪುಟ ಬಣ್ಣದ ಶೀಸೆಗಳ ಜಾಹೀರಾತು ಹಾಕಿದೆ. ಸುಸ್ತಾಗಿತ್ತು, ಪುಸ್ತಕದ ಕೊನೆಯಲ್ಲಿ ಬರುವ ವಿಷಯಸೂಚಿಯನ್ನು ಹಳೆಯ ಆವೃತ್ತಿಯಿಂದ ಎತ್ತಿ ಹಾಗೇ ಇಟ್ಟುಬಿಟ್ಟೆ.

ಪುಸ್ತಕ ಬಂದ ದಿನ ಭಾವನಿಗೆಂದು ಒಂದು ಪ್ರತಿ ಹಿಡಿದು ಹೋದೆ. ಅವರು ಆಗಲೇ ಅಂಗಡಿಯಲ್ಲಿ ಸಾಲು ನಿಂತು ಪೂರ್ತಿ ಬೆಲೆ ಕೊಟ್ಟು ತಂದಿದ್ದರು.

"ಎಲ್ರೂ ಬಿಟ್ಟಿ ಓದಿದ್ರೆ ನಿಮ್ಮ ಕಂಪನಿ ನಡಿಯೋದು ಹೇಗಮ್ಮ?" ಎಂದು ನಕ್ಕು ಸೂಚಿ ತೆರೆದರು. "ಆನೆದಳ, ನೂರ ಹನ್ನೆರಡು. ಲೇ, ಇದೀವಿ ಕಣೇ!" ಎಂದು ಅಡುಗೆಮನೆಯ ಕಡೆ ಕೂಗಿದರು.

"ಸವತಿಯರಿಗೆ ಇನ್ನೂ ಮೂರು ವರ್ಷ ಆಯಸ್ಸು ಅನ್ನಿ," ಎಂದಳು ಅಕ್ಕ.

ಭಾವ ನೂರ ಹನ್ನೆರಡನೇ ಪುಟ ತೆರೆದರು. ಹಿಂದಿನ ಪುಟ ನೋಡಿದರು, ಮುಂದಿನದು ನೋಡಿದರು. "ಹಾಳೆ ಬಿಟ್ಟುಹೋಗಿದೆ. ತಿದ್ದುಪಡಿ ಬರುತ್ತಲ್ವಾ?"

"ಬರುತ್ತೆ ಭಾವ," ಎಂದೆ. ಸುಳ್ಳೇನಲ್ಲ. ಆದರೂ ಹೇಳಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಪ್ರತಿ ಆವೃತ್ತಿಯ ಹಿಂದೆಯೇ ತಿದ್ದುಪಡಿಯ ಹಾಳೆ ಹೋಗುತ್ತದೆ. ಆಡುವವರು ಒಂದೊಂದು ಸಾಲನ್ನೂ ಕತ್ತರಿಸಿ ಅವರವರ ಪುಸ್ತಕದಲ್ಲಿ ಅಂಟಿಸಿಕೊಳ್ಳುತ್ತಾರೆ. ನಮ್ಮ ತಪ್ಪು, ಅವರ ಗೋಂದು. ಆನೆದಳದ ಬಗ್ಗೆ ಮ್ಯಾನೇಜರ್ ಹೇಳಿದ ಸಾಲನ್ನು ನಾನೇ ಬರೆದೆ.

ಎರಡು ವಾರ ಬಿಟ್ಟು ಹೋದಾಗ ಭಾವ ಕತ್ತರಿ, ಗೋಂದು ಇಟ್ಟುಕೊಂಡು ಕೂತಿದ್ದರು. ಹದಿನೆಂಟು ಚೀಟಿ ಅಂಟಿಸಿಯಾಗಿತ್ತು. ಹತ್ತೊಂಬತ್ತನೆಯದನ್ನು ಕಣ್ಣಿನ ಹತ್ತಿರ ಹಿಡಿದು ಗಟ್ಟಿಯಾಗಿ ಓದಿದರು.

"ಪುಟ ಇನ್ನೂರ ನಾಲ್ಕು, ವಿಷಯಸೂಚಿ. 'ಆನೆದಳ' ಎಂಬ ಸಾಲು ಇಲ್ಲವೆಂದು ತಿಳಿಯುವುದು."

ಹಾಳೆ ಕೆಳಗಿಟ್ಟರು. "ನೀನು ಬರ್ದಿದ್ದಾ?"

"ಹೌದು ಭಾವ."

ಅಂಚು ಸೊಟ್ಟಗಾಗದ ಹಾಗೆ ಚೀಟಿ ಕತ್ತರಿಸಿದರು. ಗೋಂದು ಹಚ್ಚಿ ಆ ಸಾಲಿನ ಮೇಲಿಟ್ಟು, ಒಣಗುವ ತನಕ ಹೆಬ್ಬೆರಳಿನಿಂದ ಒತ್ತಿ ಹಿಡಿದರು.

"ಇನ್ಮೇಲೆ ಭಾನುವಾರ ಮನೇಲೇ ಇರ್ತೀನಿ," ಎಂದರು. "ಬಿಡುವಾದ್ರೆ ಬಾಮ್ಮ."