ಕಾವಳದಲ್ಲಿ ಸೇತುವೆಯ ಸದ್ದು

ರೈಮೊಂಡಾಗೆ ಈಜು ಬರುತ್ತಿರಲಿಲ್ಲ. ಅವಳು ಒಳನಾಡಿನ ಅಸ್ಸೆಮಿನಿ ಊರಿನ ಕುಂಬಾರರ ಮಗಳು. ಮದುವೆಯಾಗಿ ಕಾಲ್ಯಾರಿ ನಗರದ ಅಂಚಿನಲ್ಲಿರುವ ನಮ್ಮ ಬೆಸ್ತರ ಕೇರಿ ಜೊರ್ಜಿನೊಗೆ ಬಂದವಳು. ಮೀನಿನ ತತ್ತಿಗೆ ಉಪ್ಪು ಹಚ್ಚಿ ಒಣಗಿಸುವುದರಲ್ಲಿ ಕೇರಿಯ ಹೆಂಗಸರನ್ನೆಲ್ಲ ಮೀರಿಸಿದ್ದಳು. ದೋಣಿಗೆ ಮಾತ್ರ ಕಾಲಿಟ್ಟವಳಲ್ಲ.

ಹೊಸ ಬಂದರು ನಮ್ಮ ಮರಳ ದಂಡೆಯನ್ನು ನುಂಗಿಹಾಕಿದ ಮೇಲಿನ ಚಳಿಗಾಲ ಅದು. ಅವಳ ಗಂಡ ಲಿಚೊ ಜ್ವರದಿಂದ ಮಲಗಿದ್ದ. ಅವನು ಹಿಂದಿನ ದಿನ ಬಿಟ್ಟ ಬಲೆ ಹಿನ್ನೀರಿನಲ್ಲೇ ಇತ್ತು. ಬೆಳಿಗ್ಗೆ ಮಾವ ಪ್ರಿಯಾಮೊ ಬಾಗಿಲಲ್ಲಿ ನಿಂತು ಕೂಗಿದ.

"ಬಾರವ್ವ ಸೊಸೆ, ದೋಣಿ ನೂಕೋ ಗಳ ಹಿಡ್ಕೊಳ್ಳೋಕೆ ಒಬ್ಬರು ಬೇಕು. ತಡ ಮಾಡಿದ್ರೆ ನೀರುಕಾಗೆಗಳು ಬಲೇಲಿರೋ ಮೀನೆಲ್ಲ ತಿಂದು ಮುಗಿಸ್ತವೆ."

"ನಂಗೆ ಭಯ ಮಾವ. ಕಾವಳ ಬೇರೆ ಇಳೀತಿದೆ."

"ಸೊಂಟದುದ್ದ ನೀರು ಕಣೇ ಅಲ್ಲಿ! ನಿಮ್ಮಪ್ಪ ಮಣ್ಣು ತೆಗೆಯೋ ಗುಂಡಿನೇ ಅದಕ್ಕಿಂತ ಆಳ."

ಅವಳು ನಗಲಿಲ್ಲ. ಆದರೂ ಹೋದಳು.

ಬಲೆ ಎಳೆದು ದೋಣಿಗೆ ಹಾಕುವಷ್ಟರಲ್ಲಿ ಬಿಳಿ ಮಂಜಿನ ಕಾವಳ ದಟ್ಟವಾಗಿ ದಡ ಕಾಣದಾಯಿತು. ಪ್ರಿಯಾಮೊ ಏನೋ ಹೇಳಲು ಬಾಯಿ ತೆರೆದ, ಮಾತು ತೊದಲಿತು. ಒಂದು ಕಡೆಯ ಮುಖ ಜೋತುಬಿತ್ತು. ಕುಳಿತಲ್ಲೇ ವಾಲಿ ಬಲೆಯ ಮೇಲೆ ಉರುಳಿದ.

"ಮಾವ! ಮಾವ, ಏನಾಯ್ತು? ನನ್ನ ನೋಡಿ!"

ಅವನ ಕಣ್ಣು ತೆರೆದೇ ಇತ್ತು. ಬಲಗೈ ಸತ್ತ ಮೀನಿನಂತೆ ತಣ್ಣಗಿತ್ತು.

ಮೊಬೈಲ್ ಇಲ್ಲದ ಕಾಲ. ಅವಳು ಗಳ ಹಿಡಿದು ಮನೆಯ ದಿಕ್ಕು ಎಂದುಕೊಂಡ ಕಡೆಗೆ ನೂಕಿದಳು. ತಲೆಯ ಮೇಲೆ ವಿಮಾನವೊಂದು ಗುಡುಗಿ ಹೋಯಿತು, ಅದೂ ಕಾಣಲಿಲ್ಲ. ಆಮೇಲೆ ದೂರದಲ್ಲಿ ಲಾರಿಗಳ ಸದ್ದು ಕೇಳಿಸಿತು. ಹಿನ್ನೀರು ಸಮುದ್ರ ಸೇರುವ ಬಾಯಿಯ ಮೇಲಿನ ಸೇತುವೆ! ಜನ ಇದ್ದಾರೆ ಎಂದು ಜೀವ ಬಂದಂತಾಯಿತು.

ಸದ್ದು ಹತ್ತಿರವಾಗುತ್ತ ಹೋಯಿತು. ಅವಳು ನೂಕುವುದನ್ನು ನಿಲ್ಲಿಸಿದಳು. ಆದರೂ ಸದ್ದು ಹತ್ತಿರವಾಗುತ್ತಲೇ ಇತ್ತು.

ಆಗ ಅವಳಿಗೆ ಅರ್ಥವಾಯಿತು. ಹಿನ್ನೀರು ಸಮುದ್ರದ ಕಡೆಗೆ ಇಳಿಯುತ್ತಿತ್ತು, ದೋಣಿಯನ್ನು ಸೇತುವೆಯ ಕೆಳಗಿನಿಂದ ಹಡಗುಗಳು ಓಡಾಡುವ ಕಡೆಗೆ ಎಳೆದೊಯ್ಯುತ್ತಿತ್ತು. ತಡೆಯಲೆಂದು ಗಳ ಊರಿದಳು. ಇಲ್ಲಿ ಅದು ತಳ ಮುಟ್ಟಲಿಲ್ಲ. ಕೈ ನೀರಿಗೆ ತಾಗುವವರೆಗೂ ಇಳಿಸಿದಳು, ತಳವೇ ಇಲ್ಲ. ಎಲ್ಲೋ ಮುಂದೆ ಹಡಗೊಂದು ದೀರ್ಘವಾಗಿ ಕೂಗಿತು. ಅವಳು ಗಳವನ್ನು ಒಳಗೆಳೆದುಕೊಂಡು ಮಾವನ ಪಕ್ಕದಲ್ಲೇ ಕುಕ್ಕರಿಸಿದಳು.

ಮುದುಕ ಎಡಗೈಯಿಂದ ತನ್ನ ಕೆಳಗಿದ್ದ ಬಲೆಯನ್ನು ಹಿಡಿದು ಜಗ್ಗಿದ. ಮತ್ತೆ ಜಗ್ಗಿದ.

"ಬಲೆನಾ? ನೀರಿಗೆ ಹಾಕಿ ದೋಣಿ ನಿಲ್ಲಿಸ್ಲಾ?"

ಅವನು ಕಣ್ಣು ಮುಚ್ಚಿ ತೆರೆದ.

ಅವಳು ಅವನನ್ನು ಪಕ್ಕಕ್ಕೆ ಹೊರಳಿಸಿ, ಬಲೆಯ ತುದಿಯನ್ನು ದೋಣಿಯ ಮೂತಿಗೆ ಬಿಗಿದು, ಸೀಸದ ಗುಂಡು, ಮೀನು ಸಮೇತ ಎಲ್ಲವನ್ನೂ ನೀರಿಗೆ ತಳ್ಳಿದಳು. ದೋಣಿ ಇನ್ನೂ ಜಾರುತ್ತಿತ್ತು. ಸೇತುವೆಯ ಕಂಬದ ಕಪ್ಪು ನೆರಳು ಕಾವಳದಿಂದ ಎದ್ದುಬಂತು. ಅಷ್ಟರಲ್ಲಿ ತಳದಲ್ಲಿ ಬಲೆ ಯಾವುದಕ್ಕೋ ಸಿಕ್ಕಿಕೊಂಡಿತು. ದೋಣಿ ಜಗ್ಗಿ ನಿಂತಿತು. ಗಂಟು ಕಿರುಗುಟ್ಟಿತು.

ಅವಳು ಗಂಟಿನ ಮೇಲೆ ಕೈಯಿಟ್ಟು ಕೂಗತೊಡಗಿದಳು. ಎಫಿಸಿಯೊ ಸಂತನನ್ನು ಕೂಗಿದಳು, ಅವ್ವನನ್ನು ಕೂಗಿದಳು. ಮೇಲೆ ಲಾರಿಗಳು ನಿಲ್ಲದೆ ಹೋದವು. ಗಂಟಲು ಒಡೆದು ಬರೀ ಗಾಳಿ ಬರುವಾಗ ನೆರೆಮನೆಯ ಜೆಸುಯಿನೊನ ದನಿ ಕೇಳಿಸಿತು:

"ಯಾರದು? ರೈಮೊಂಡಾನಾ? ಕೂಗ್ತಾ ಇರು ತಾಯಿ, ನಿಲ್ಲಿಸಬೇಡ!"

ಜ್ವರದಲ್ಲೇ ಎದ್ದು ಬಂದ ಲಿಚೊ ಇವರಿಬ್ಬರನ್ನು ಹುಡುಕಲು ಅವನನ್ನು ದೋಣಿಯಲ್ಲಿ ಅಟ್ಟಿದ್ದ.

ಪ್ರಿಯಾಮೊ ಬದುಕಿದ. ಬಲಗೈ ಮರಳಲಿಲ್ಲ, ಮಾತು ಅರ್ಧ ಮರಳಿತು. ವಸಂತದಲ್ಲಿ ಲಿಚೊ ಹೊಸ ಬಲೆ ತಂದು, "ಇನ್ನು ನೀನೇ ನನ್ನ ಜೊತೆಗಾರ್ತಿ. ನಿನ್ನಂಥ ಗಟ್ಟಿಗಿತ್ತಿ ಈ ಕೇರೀಲಿ ಯಾರಿದ್ದಾರೆ?" ಎಂದ.

"ನಾನು ಗಟ್ಟಿಗಿತ್ತಿ ಅಲ್ಲ. ನೀರಿನ ಮೇಲೆ ಇನ್ನೊಂದು ಸಲ ಕಾಲಿಡಲ್ಲ. ಯಾರು ಏನಾದ್ರೂ ಅಂದ್ಕೊಳ್ಳಿ."

ಅವಳು ನಗರದ ಮಾರುಕಟ್ಟೆಯಲ್ಲಿ ಒಣತತ್ತಿಯ ಅಂಗಡಿ ಹಾಕಿದಳು. ಲಿಚೊ ದೋಣಿಗೆ ಜೆಸುಯಿನೊನನ್ನು ಕರೆದುಕೊಂಡ.