ಕೌದಿಯ ಪಕ್ಕದ ಫೋಟೊ

ಹಾವೇರಿಯಲ್ಲಿ ತೆರೆಯಲಿದ್ದ ಹೊಸ ವಸ್ತುಸಂಗ್ರಹಾಲಯಕ್ಕಾಗಿ ಹಳೆಯ ಸಾಮಾನು ಹುಡುಕುತ್ತ ಕಾವೇರಿ ಎಂಬಾಕೆ ಬ್ಯಾಡಗಿಗೆ ಬಂದಿದ್ದಳು. ಮೆಣಸಿನಕಾಯಿ ವ್ಯಾಪಾರಿಯ ಹೆಂಡತಿ ನಿರ್ಮಲಾಳ ಮನೆಯಲ್ಲಿ, ಮಂಚದ ಮೇಲಿದ್ದ ಕೌದಿ ಕಂಡು ನಿಂತುಬಿಟ್ಟಳು. ಹಳೆಯ ಸೀರೆಗಳ ತುಂಡುಗಳನ್ನು ಕೂಡಿಸಿ ಒತ್ತೊತ್ತಾಗಿ ಹೊಲಿದ ಹೊದಿಕೆ.

"ಎಂಥ ಕೈ ನಿಮ್ಮದು! ನೀವೇ ಹೊಲಿದಿದ್ದಾ?"

ಸೀರೆಗಳು ನಿರ್ಮಲಾಳವು, ಅವಳ ಅತ್ತೆಯವು. ಹೊಲಿದವಳು ಹಿಂದಿನ ಓಣಿಯ ಮೈಮುನಾಬಿ. ಆದರೆ ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ನಿರ್ಮಲಾಳ ಕೈಯನ್ನು ಯಾರೂ ಹೊಗಳಿರಲಿಲ್ಲ.

"ಹೂಂರಿ" ಎಂದಳು. ಕಾವೇರಿ ಫೋಟೊ ತೆಗೆಯುವಾಗ ಸೆರಗು ಸರಿಮಾಡಿಕೊಂಡು ನಕ್ಕಳು.

ಈ ಸುಳ್ಳು ತಿಳಿಯದ ಅತ್ತೆ ಗದಿಗೆವ್ವ, ಕೌದಿ ಹಾವೇರಿಗೆ ಹೋದ ಸುದ್ದಿಯನ್ನು ಮೈಮುನಾಬಿಗೆ ಮುಟ್ಟಿಸಿದಳು. ಉದ್ಘಾಟನೆಯ ದಿನ ಮೈಮುನಾಬಿ ಹಬ್ಬದ ಸೀರೆ ಉಟ್ಟು ಬಾಗಿಲಿಗೆ ಬಂದು ನಿಂತಳು.

"ಬ್ಯಾಡ ಚಿಗವ್ವಾ, ಬಿಸಲು ಭಾಳ ಐತಿ," ಎಂದಳು ನಿರ್ಮಲಾ.

"ಬಿಸಲಿಗೆ ನಾ ಯಾವಾಗ ಅಂಜೇನಿ? ನನ್ನ ಕೌದಿ ಗ್ವಾಡಿಗೆ ಹಾಕ್ಯಾರಂತ. ನಡಿ, ನೋಡಿ ಬರೂಣು."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳದೇ ಮಾತು. ನಿರ್ಮಲಾ ಕಿಟಕಿಯಾಚೆಗೆ ಮುಖ ಮಾಡಿ ಕುಳಿತಿದ್ದಳು.

ಗೋಡೆಯ ಮೇಲೆ ದೀಪದ ಬೆಳಕಿನಲ್ಲಿ ಕೌದಿ ಇತ್ತು. ಪಕ್ಕದಲ್ಲಿ ನಿರ್ಮಲಾಳ ನಗುಮುಖದ ದೊಡ್ಡ ಫೋಟೊ, ಕೆಳಗೆ ಅವಳ ಹೆಸರು. ಮೈಮುನಾಬಿಗೆ ಓದಲು ಬರುತ್ತಿರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

"ಇದು ನೀನ ಅಲ್ಲೇನವ್ವಾ? ಮತ್ತ ನಂದೆಲ್ಲೈತಿ?"

ನಿರ್ಮಲಾ ಬಾಯಿ ತೆರೆಯುವಷ್ಟರಲ್ಲಿ ಕಾವೇರಿ ಅತಿಥಿಗಳನ್ನು ಕರೆತಂದಳು. "ಈ ಕೌದಿ ಹೊಲಿದವರು ಇವರೇ." ಚಪ್ಪಾಳೆ ಬಿತ್ತು. ನಿರ್ಮಲಾಳ ಕೈಗಳು ತಾವಾಗಿಯೇ ಕೂಡಿಕೊಂಡು ನಮಸ್ಕಾರ ಮಾಡಿದವು.

ತಿರುಗಿ ನೋಡಿದರೆ ಮೈಮುನಾಬಿ ಇರಲಿಲ್ಲ.

"ನಾ ಹೊಲದಿಲ್ರಿ," ಎಂದಳು ನಿರ್ಮಲಾ. ಯಾರಿಗೂ ಕೇಳಿಸಲಿಲ್ಲ. ಮತ್ತೆ ಜೋರಾಗಿ ಹೇಳಿದಳು, "ಮೈಮುನಾಬಿ ಹೊಲದಾಳ್ರಿ. ನಾ ಸುಳ್ಳು ಹೇಳೇನಿ." ಅತಿಥಿಗಳಲ್ಲಿ ಒಬ್ಬರು ನಕ್ಕರು. ಕಾವೇರಿಯ ಮುಖ ಕೆಂಪೇರಿತು. ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ನಿರ್ಮಲಾ ಹೊರಗೆ ಓಡಿದಳು.

ಬಸ್ ನಿಲ್ದಾಣದ ಕಟ್ಟೆಯ ಮೇಲೆ ಮೈಮುನಾಬಿ ಒಬ್ಬಳೇ ಕುಳಿತಿದ್ದಳು.

"ಖರೇ ಹೇಳಿ ಬಂದೆ ಚಿಗವ್ವಾ. ಬಾ, ನಿನ್ನ ಫೋಟೊ ತಗಸೂಣು."

"ಈ ಅತ್ತ ಮಾರೀದೇನ?" ಎಂದು ಮೈಮುನಾಬಿ ಒದ್ದೆಯಾದ ಮುಖ ತಿರುಗಿಸಿದಳು.

ಬಸ್ಸಿನಲ್ಲಿ ಮೈಮುನಾಬಿ ತನ್ನ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟುಕೊಂಡಳು. ಬೇರೆ ಸೀಟುಗಳು ಖಾಲಿಯಿದ್ದರೂ ನಿರ್ಮಲಾ ಬ್ಯಾಡಗಿಯವರೆಗೆ ನಿಂತೇ ಬಂದಳು.

ಮುಂದೆ ಕಾವೇರಿ ನಿರ್ಮಲಾಳ ಫೋಟೊವನ್ನು ಗೋಡೆಯಿಂದ ಇಳಿಸಿ, ಮೈಮುನಾಬಿಯ ಹೆಸರು ಹಾಕಿಸಿದಳು. ನೋಡಲು ಕರೆದರೆ ಮೈಮುನಾಬಿ ಹೋಗಲಿಲ್ಲ. ಮಳೆಗಾಲಕ್ಕೆ ಮೊದಲು ಗದಿಗೆವ್ವ ಎಂದಿನಂತೆ ಕೌದಿ ಹೊಲಿಯಲು ಅವಳಿಗೆ ಹಳೆಯ ಸೀರೆಗಳ ಗಂಟು ಕಳಿಸಿದಳು. ಕಣ್ಣು ಮಂಜಾಗಿದೆ ಎಂಬ ಮಾತಿನೊಂದಿಗೆ ಗಂಟು ಹಾಗೆಯೇ ಮರಳಿ ಬಂತು. ಅದೇ ವಾರ ಪಕ್ಕದ ಮನೆಯ ಮಾಳಿಗೆಯ ಮೇಲೆ ಮೈಮುನಾಬಿ ಹೊಲಿದ ಹೊಸ ಕೌದಿ ಬಿಸಿಲಿಗೆ ಹರವಿತ್ತು.

"ನಮಗಷ್ಟ ಯಾಕ ಒಲ್ಲೆ ಅಂದ್ಲು?" ಎಂದು ಗದಿಗೆವ್ವ ಕೇಳಿದಳು.

ನಿರ್ಮಲಾ ನೆಲ ನೋಡುತ್ತ ಎಲ್ಲವನ್ನೂ ಹೇಳಿದಳು. ಗದಿಗೆವ್ವ ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಎನಿಸಿತು ನಿರ್ಮಲಾಳಿಗೆ.